ಬಿಳಿಗಣ್ಣಿನ ಮೊದಲ ನೊಣ

“ಜೊತೆಗೆ ಯಾರೂ ಬಂದಿಲ್ವಾ?” ಎಂದು ಅರುಣಾ ಎರಡನೆಯ ಸಲ ಕೇಳಿದರು.

ಮೇಘಾ ಇಲ್ಲವೆಂದು ತಲೆಯಾಡಿಸಿದಳು. ಬಳ್ಳಾರಿಯ ದೊಡ್ಡಾಸ್ಪತ್ರೆಯ ಆ ಚಿಕ್ಕ ಕೋಣೆಯಲ್ಲಿ ಬಂದವರು ಕೂರಲೆಂದು ಎರಡು ಕುರ್ಚಿ ಹಾಕಿದ್ದರು. ಪಕ್ಕದ ಕುರ್ಚಿ ಖಾಲಿ ಕಂಡರೆ ಮಾತು ಬೆಳೆಯುತ್ತದೆಂದು ಅವಳು ಮೊದಲೇ ತನ್ನ ಕಾಲೇಜಿನ ಬ್ಯಾಗನ್ನು ಅದರ ಮೇಲೆ ಕೂರಿಸಿದ್ದಳು. ಆದರೂ ಮಾತು ಬೆಳೆದಿತ್ತು.

ಅರುಣಾ ಬೆಂಗಳೂರಿನವರು. ರಕ್ತದ ಕಾಯಿಲೆಗಳ ಅಧ್ಯಯನಕ್ಕೆಂದು ಬಂದ ತಂಡದವರು. ದಸರಾ ರಜೆಯಲ್ಲಿ ಮೇಘಾಳ ತಮ್ಮ ತಿಪ್ಪೇಶ ಊದಿದ ಮೊಣಕಾಲು ಹೊತ್ತುಕೊಂಡು ಇಂಜೆಕ್ಷನ್ನಿಗೆ ಬಂದಿದ್ದಾಗ ಅವನ ರಕ್ತ ತೆಗೆದುಕೊಂಡಿದ್ದರು. ಪಕ್ಕದಲ್ಲಿ ನಿಂತಿದ್ದ ಅಕ್ಕ, ಕೇಳುವುದಕ್ಕೆ ಮೊದಲೇ ತನ್ನ ತೋಳನ್ನೂ ಮುಂದೆ ಚಾಚಿದ್ದಳು. ಈಗ ಅದರ ಉತ್ತರ ಬಂದಿತ್ತು.

“ನಿಧಾನವಾಗಿ ಕೇಳು,” ಎಂದರು ಅರುಣಾ. “ತಮ್ಮನ ಜೀನಿನಲ್ಲಿ ಇರೋ ತಪ್ಪೇ ನಿನ್ನಲ್ಲೂ ಇದೆ. ಅವನಿಗೆ ಕಾಯಿಲೆ ಇದೆ, ನಿನಗೆ ಇಲ್ಲ. ನೀನು ಅದನ್ನ ಹೊತ್ತಿದ್ದೀಯ, ಅಷ್ಟೆ. ನಾಳೆ ಮದುವೆಯಾಗಿ ಗಂಡುಮಗು ಹುಟ್ಟಿದರೆ…”

“ಅರ್ಧಕ್ಕರ್ಧ ರೀ. ಗೊತ್ತೈತಿ.”

“ಓದಿದ್ದೀಯಲ್ಲ,” ಎಂದು ಅವರು ಸ್ವಲ್ಪ ನಿರಾಳರಾದರು. ಹೇಳಿಕೊಡುವ ಕೆಲಸ ತಪ್ಪಿತು ಎಂದಿರಬೇಕು.

“ಅಂದ್ರ ಇದು ನಮ್ಮವ್ವನಿಂದನ ಬಂದದ್ದು. ಅಲ್ಲೇನ್ರಿ?”

“ಹೌದಮ್ಮ. ಇಬ್ಬರು ಮಕ್ಕಳಲ್ಲೂ ಒಂದೇ ತಪ್ಪು ಇದೆ ಅಂದರೆ ತಾಯಿಂದಲೇ.”

“ತಿಪ್ಪೇಶನಾಗ ತಾನ ಹುಟ್ಟಿದ್ದಲ್ಲೇನ್ರಿ?”

“ಅಲ್ಲ.” ಅರುಣಾ ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಅವಳತ್ತ ಸರಿಸಿದರು. “ನೋಡು, ಇದು ನಿನ್ನ ವಿಷಯ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನೋದು ನಿನಗೆ ಬಿಟ್ಟದ್ದು. ನಮ್ಮಿಂದ ಯಾರಿಗೂ ಹೋಗಲ್ಲ.”

ಮೇಘಾ ನೀರು ಕುಡಿದಳು, ಬರ್ತೀನ್ರಿ ಎಂದಳು, ಬ್ಯಾಗನ್ನು ಎಬ್ಬಿಸಿಕೊಂಡು ಹೊರಗೆ ಬಂದಳು. ಅತ್ತುಬಿಡಬಹುದಿತ್ತು. ಆದರೆ ಹೊರರೋಗಿಗಳ ಸಾಲಿನಲ್ಲಿ ಅಳುವವರು ಆಗಲೇ ಬೇಕಾದಷ್ಟು ಜನರಿದ್ದರು, ಪ್ರತಿಯೊಬ್ಬರ ಬೆನ್ನ ಮೇಲೂ ಮನೆಯವರದೊಂದು ಕೈಯಿತ್ತು. ಒಬ್ಬಳೇ ನಿಂತು ಅಳುವುದಕ್ಕೆ ಅವಳಿಗೆ ನಾಚಿಕೆಯಾಯಿತು.

ಅವಳು ತನ್ನ ಬಗ್ಗೆ ತಿಳಿದುಕೊಳ್ಳಲೆಂದು ತೋಳು ಚಾಚಿದವಳಲ್ಲ. ತಿಳಿದುಕೊಳ್ಳಬೇಕಾಗಿದ್ದದ್ದು ಅವ್ವನ ಬಗ್ಗೆ, ಅದಕ್ಕೊಂದು ಹಳೆಯ ಕಾರಣವಿತ್ತು.

ಸಿರುಗುಪ್ಪ ತಾಲ್ಲೂಕಿನ ಕರೂರು ಅವರ ಊರು. ಮೇಘಾಳಿಗೆ ಇನ್ನೂ ಐದು ವರ್ಷವಿದ್ದಾಗ, ಸಂಕ್ರಾಂತಿಯ ಮರುದಿನ, ನಡುಮಧ್ಯಾಹ್ನ ಸೂರ್ಯಗ್ರಹಣ ಹಿಡಿದಿತ್ತು. ಊರಿನಲ್ಲಿ ಒಲೆ ಹಚ್ಚಿದವರಿಲ್ಲ, ಬಾಗಿಲು ತೆರೆದವರಿಲ್ಲ. ಅವ್ವ ಸುಂಕಮ್ಮ ಆಗ ಬಸುರಿ. ಅಪ್ಪನ ತಾಯಿ, ಅಂದರೆ ಅಜ್ಜಿ, ಅವಳನ್ನು ಕತ್ತಲೆಯ ಮೂಲೆಗೆ ಕೂರಿಸಿ, ಏನನ್ನೂ ಮುರಿಯಬೇಡ, ಏನನ್ನೂ ಕತ್ತರಿಸಬೇಡ, ಕೈ ಕಟ್ಟಿಕೊಂಡು ಕೂತಿರು ಎಂದು ತಾಕೀತು ಮಾಡಿ ಪಕ್ಕದ ಮನೆಗೆ ಹೋಗಿದ್ದಳು. ಗ್ರಹಣ ಹಿಡಿದದ್ದು ಸೂರ್ಯನಿಗೆ, ಹಸಿವು ಹಿಡಿದದ್ದು ಮೇಘಾಳಿಗೆ. ಬುಟ್ಟಿಯಲ್ಲಿದ್ದ ಸೌತೆಕಾಯಿ ಕಂಡು ಅದೇ ಬೇಕೆಂದು ಅವಳು ನೆಲದಲ್ಲಿ ಹೊರಳಾಡಿ ರಂಪ ಮಾಡಿದಳು. ಸುಂಕಮ್ಮ ಎದ್ದು ಈಳಿಗೆ ತೆಗೆದು ಎರಡು ಹೋಳು ಕತ್ತರಿಸಿ ಕೊಟ್ಟಳು. ಅಜ್ಜಿ ಒಳಗೆ ಬಂದದ್ದು ಆಗಲೇ.

ತಿಪ್ಪೇಶ ಹುಟ್ಟಿದ. ಅಂಬೆಗಾಲಿಡುವಾಗಲೇ ಅವನ ಮೊಣಕಾಲುಗಳಲ್ಲಿ ನೀಲಿ ಕಲೆ ಕಾಣಿಸಿತು. ಒಂದು ದಿನ ಬಿದ್ದು ನಾಲಿಗೆ ಕಚ್ಚಿಕೊಂಡ, ರಕ್ತ ನಿಲ್ಲಲೇ ಇಲ್ಲ. ಬಳ್ಳಾರಿಯ ಡಾಕ್ಟರು ಅದಕ್ಕೆ ಹೀಮೋಫಿಲಿಯಾ ಎಂದು ಹೆಸರಿಟ್ಟರು. ಅಜ್ಜಿ ಅದಕ್ಕೆ ಮೊದಲೇ ಬೇರೆ ಹೆಸರಿಟ್ಟಾಗಿತ್ತು. “ಗ್ರಹಣದಾಗ ಈಳಗಿ ಹಿಡದ್ಲು. ಕೂಸಿನ ನೆತ್ತರಕ್ಕ ಕಟ್ಟ ಇಲ್ಲದಂಗ ಆತು,” ಎಂದು ಸಾಯುವ ತನಕ ಹೇಳಿದಳು. ಕೆಟ್ಟವಳೇನಲ್ಲ, ಮೊಮ್ಮಗನ ನೋವು ನೋಡಲಾಗದೆ ಯಾರನ್ನಾದರೂ ಹಿಡಿದುಕೊಳ್ಳಬೇಕಿತ್ತು. ಕೈಗೆ ಸಿಕ್ಕವಳು ಸೊಸೆ.

ಅಂದಿನಿಂದ ಸುಂಕಮ್ಮ ಈಳಿಗೆ ಮುಟ್ಟಿಲ್ಲ. ಅದು ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತ ತುಕ್ಕು ಹಿಡಿಯಿತು. ಚವಳಿಕಾಯಿಯನ್ನು ಅವಳು ಕೈಯಲ್ಲಿ ಮುರಿಯುತ್ತಾಳೆ, ಉಳ್ಳಾಗಡ್ಡೆಯನ್ನು ಗುಂಡುಕಲ್ಲಿನಲ್ಲಿ ಜಜ್ಜುತ್ತಾಳೆ, ಬದನೆಕಾಯಿಯನ್ನು ಇಡಿಯಾಗಿ ಸುಟ್ಟು ಗುದ್ದುತ್ತಾಳೆ, ಕುಂಬಳಕಾಯಿಯನ್ನು ಹೊಸ್ತಿಲ ಕಲ್ಲಿಗೆ ಬಡಿದು ಒಡೆಯುತ್ತಾಳೆ. ಓಣಿಯವರು ಇದನ್ನು ಅವಳ ಅಡುಗೆಯ ವರಸೆ ಎಂದೇ ತಿಳಿದು, ಸುಂಕಮ್ಮನ ಬದನೆಕಾಯಿಯ ರುಚಿ ಯಾರಿಗೂ ಬರೋದಿಲ್ಲ ಎಂದು ಹೊಗಳುತ್ತಾರೆ. ಮೇಘಾಳನ್ನು ಯಾರೂ ಯಾವತ್ತೂ ಬೈಯಲಿಲ್ಲ. ಐದು ವರ್ಷದ ಮಗುವನ್ನು ಯಾರು ಬೈಯುತ್ತಾರೆ? ಬೈದಿದ್ದರೆ ಅತ್ತು ಮರೆಯಬಹುದಿತ್ತು. ಹಾಸ್ಟೆಲಿನಲ್ಲಿ ಭಾನುವಾರ ತಟ್ಟೆಯ ಅಂಚಿಗೆ ಎರಡು ಹೋಳು ಸೌತೆಕಾಯಿ ಇಡುತ್ತಾರೆ. ಅವಳು ಅದನ್ನು ಸದ್ದಿಲ್ಲದೆ ಪಕ್ಕದವಳ ತಟ್ಟೆಗೆ ದಾಟಿಸುತ್ತಾಳೆ.

ಸುಂಕಮ್ಮನಿಗೆ ಒಂದೇ ಒಂದು ಸಮಾಧಾನವಿತ್ತು. ರಜೆಗೆ ಬಂದ ಮಗಳ ತಲೆ ಬಾಚುವಾಗ ಅದನ್ನು ಹೇಳದೆ ಬಿಡುತ್ತಿರಲಿಲ್ಲ. “ನೀ ಗ್ರಹಣಕ್ಕ ಮೊದಲ ಹುಟ್ಟಿದಾಕಿ. ನಿನಗೇನೂ ಹತ್ತಂಗಿಲ್ಲ ಬಿಡು. ನನ್ನ ಪುಣ್ಯಾ ಅಷ್ಟರ ಉಳೀತು.”

ಹೀಗಿರುವಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಶಾಂಭವಿ ಮೇಡಂ ಅವರ ನೊಣಗಳು ಬಂದವು.

ಶಾಂಭವಿ ಮೇಡಂ ಪ್ರಾಣಿಶಾಸ್ತ್ರದ ಅಧ್ಯಾಪಕಿ, ದಿನವೂ ಕುರುಗೋಡಿನಿಂದ ಬಸ್ಸಿನಲ್ಲಿ ಬರುವವರು. ಬಳ್ಳಾರಿಯಲ್ಲಿ ಮನೆ ಮಾಡಬಾರದೇ ಎಂದು ಎಲ್ಲರೂ ಕೇಳುತ್ತಿದ್ದರು. ಬಳ್ಳಾರಿಯ ಬಿಸಿಲಿಗೆ ಗಂಡುನೊಣಗಳು ಬಂಜೆಯಾಗುತ್ತವೆ, ಕುರುಗೋಡಿನ ತಮ್ಮ ಹಳೆಯ ಕಲ್ಲುಮನೆ ತಂಪಾಗಿದೆ ಎಂಬುದು ಅವರ ಉತ್ತರ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಅವರೂ ಅವರ ಹಣ್ಣಿನ ನೊಣಗಳೂ ಮಾತ್ರ. ಬಾಳೆಹಣ್ಣು ಕಿವುಚಿ ಹಾಕಿದ ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. “ಮೇಡಂ, ನೊಣಕ್ಕೂ ಟಿಕೇಟು ತಗೋರಿ,” ಎಂದು ಕಂಡಕ್ಟರು ತಮಾಷೆ ಮಾಡಿದರೆ, “ಇವು ಕೂಸು, ಇವಕ್ಕ ಟಿಕೇಟಿಲ್ಲ,” ಎನ್ನುತ್ತಿದ್ದರಂತೆ.

ಅವರ ಪಾಠವೇ ಬೇರೆ ಥರ. ಜೀನ್ ಎಂದರೆ ಇದು, ಬರೆದುಕೊಳ್ಳಿ ಎಂದು ಅವರು ಯಾವತ್ತೂ ಹೇಳಿದವರಲ್ಲ. ಪಾಠವೆಂದರೆ ಒಬ್ಬರ ಹಿಂದೊಬ್ಬರು ಮಾಡಿದ ಪ್ರಯೋಗಗಳ ಕಥೆ. ಕಾಯಿಸಿ ಕೊಂದ ರೋಗಾಣುವನ್ನೂ ನಿರುಪದ್ರವಿ ಜೀವಂತ ರೋಗಾಣುವನ್ನೂ ಬೆರೆಸಿ ಇಲಿಗೆ ಚುಚ್ಚಿದರು, ಇಲಿ ಸತ್ತಿತು. ಹಾಗಾದರೆ ಸತ್ತದ್ದು ಬದುಕಿದ್ದಕ್ಕೆ ಏನನ್ನು ದಾಟಿಸಿತು? ಹಾಗೆಂದು ಕೇಳಿ, ಉತ್ತರ ಹೇಳದೆ ಗಂಟೆ ಹೊಡೆಯಲು ಬಿಡುತ್ತಿದ್ದರು. ವೈರಸ್ಸು ಬ್ಯಾಕ್ಟೀರಿಯಾದೊಳಗೆ ಕಳಿಸುವುದು ತನ್ನ ಸಿಪ್ಪೆಯನ್ನೋ ಡಿ.ಎನ್.ಎ.ಯನ್ನೋ ಎಂದು ಪತ್ತೆ ಮಾಡಲು ಅಡುಗೆಮನೆಯ ಮಿಕ್ಸರಿನಂಥದ್ದನ್ನೇ ಬಳಸಿದರು ಎಂದು ತೋರಿಸಲು ಮನೆಯ ಮಿಕ್ಸಿಯನ್ನೇ ತಂದಿದ್ದರು. ಹುಡುಗರು ಚಟ್ನಿ ಎಲ್ಲಿ ಎಂದು ನಕ್ಕರು. “ನಾ ಹೇಳಿದೆ ಅಂತ ನಂಬಬ್ಯಾಡ್ರಿ. ಹೆಂಗ ಗೊತ್ತಾತು ಅಂತ ಕೇಳ್ರಿ,” ಎಂಬುದು ಅವರ ನಿತ್ಯದ ಮಾತು. ಮೇಘಾಳಿಗೆ ಆ ಮಾತಿನ ಹುಚ್ಚೇ ಹಿಡಿಯಿತು. ಅಲ್ಲಿಯವರೆಗೆ ಅವಳ ಮನೆಯಲ್ಲಿ ಯಾರೂ ಅಜ್ಜಿಗೆ ಆ ಪ್ರಶ್ನೆ ಕೇಳಿರಲಿಲ್ಲ.

“ಕೆಂಪುಗಣ್ಣಿನ ನೊಣಗಳ ಬಾಟ್ಲಿ,” ಎಂದರು ಮೇಡಂ ಒಂದು ದಿನ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು. “ತಲಿತಲಾಂತರ ಎಲ್ಲಾ ಕೆಂಪು. ಒಂದಿನ ನೋಡ್ತಾರ, ಒಂದು ಗಂಡುನೊಣದ ಕಣ್ಣು ಬಿಳಿ. ಎಲ್ಲಿಂದ ಬಂತು? ಅದರ ಅವ್ವ ಅಪ್ಪ ಇಬ್ಬರದೂ ಕೆಂಪ. ಯಾರ ತಪ್ಪೂ ಇಲ್ಲ. ಒಳಗಿನ ಬರಹ ನಕಲಾಗೋವಾಗ ಎಲ್ಲೋ ಒಂದಕ್ಷರ ತಪ್ಪಿತ್ತು. ತಾನ ಹುಟ್ಟಿತ್ತು.”

ಆ ಒಂದು ನೊಣದಿಂದ ಮುಂದಿನದೆಲ್ಲ ತಿಳಿದದ್ದು ಹೇಗೆ ಎಂಬುದನ್ನು ಹುಡುಗರು ಕೈಯಾರೆ ಮಾಡಿ ನೋಡಿದರು. ಬಿಳಿಗಣ್ಣಿನ ಗಂಡು, ಕೆಂಪುಗಣ್ಣಿನ ಹೆಣ್ಣು. ಮಕ್ಕಳೆಲ್ಲ ಕೆಂಪು, ಬಿಳುಪು ಎಲ್ಲೋ ಅಡಗಿಬಿಟ್ಟಿತು. ಮೊಮ್ಮಕ್ಕಳಲ್ಲಿ ಮತ್ತೆ ಕಾಣಿಸಿತು, ಆದರೆ ಗಂಡುಗಳಲ್ಲಿ ಮಾತ್ರ. ಮೇಘಾ ಮಸೂರದ ಕೆಳಗೆ ಮೆತ್ತನೆಯ ಕುಂಚದಿಂದ ಸತ್ತ ನೊಣಗಳನ್ನು ಬೇರ್ಪಡಿಸುತ್ತಾ ಕೂತಿದ್ದಳು. ಕೆಂಪುಗಣ್ಣಿನ ತಾಯಿನೊಣಗಳು ಬಿಳುಪನ್ನು ಒಳಗೆ ಹೊತ್ತುಕೊಂಡು, ತಮಗೇ ತಿಳಿಯದೆ, ಮಕ್ಕಳಿಗೆ ದಾಟಿಸಿದ್ದವು, ಹೊರಗೆ ಕಂಡದ್ದು ಗಂಡುಮಕ್ಕಳಲ್ಲಿ ಮಾತ್ರ. ಅವಳ ಕೈಯಲ್ಲಿನ ಕುಂಚ ನಿಂತುಹೋಯಿತು. ಕರೂರಿನ ಮೊಳೆಯಲ್ಲಿ ತೂಗುತ್ತಿದ್ದ ಈಳಿಗೆ ನೆನಪಾಯಿತು.

ಎಲ್ಲರೂ ಹೋದ ಮೇಲೆ ಅವಳು ಮೇಡಂ ಹತ್ತಿರ ನಿಂತು ಕೇಳಿದಳು. “ಮನುಷ್ಯಾರಾಗೂ ಹಿಂಗಾ ಏನ್ರಿ? ರಕ್ತ ನಿಲ್ಲದ ಬ್ಯಾನಿ…”

“ಹಿಂಗಾ. ಹೀಮೋಫಿಲಿಯಾ. ಅವ್ವನಿಂದ ಮಗನಿಗೆ.”

“ಮೊದಲನೇ ನೊಣದಂಗ ತಾನ ಹುಟ್ಟಾಂಗಿಲ್ಲೇನ್ರಿ? ಯಾರಿಂದಾನೂ ಬರದ?”

“ಅದೂ ಐತಿ. ಎಷ್ಟೋ ಮನಿಯಾಗ ಹಂಗ ಆಗೈತಿ.” ಮೇಡಂ ಬಾಟಲಿಗಳಿಗೆ ಒದ್ದೆ ಬಟ್ಟೆ ಸುತ್ತುತ್ತ ಅವಳ ಮುಖ ನೋಡಿದರು. “ಯಾಕವಾ?”

“ಸುಮ್ನ ರೀ.”

ಮೇಡಂ ಮತ್ತೇನೂ ಕೇಳಲಿಲ್ಲ. ಒಂಟಿಯಾಗಿ ಇರುವವರಿಗೆ ಇನ್ನೊಬ್ಬರ ಬಾಗಿಲು ಎಲ್ಲಿ ಮುಚ್ಚಿದೆ ಎಂಬುದು ಬೇಗ ತಿಳಿಯುತ್ತದೆ. ಆದರೆ ಮೇಘಾ ಅಂದು ಹಾಸ್ಟೆಲಿಗೆ ಹಾರುತ್ತ ಹೋದಳು. ಗ್ರಹಣವಲ್ಲ, ಸೌತೆಕಾಯಿಯಲ್ಲ. ತಿಪ್ಪೇಶನೇ ತಮ್ಮ ಮನೆಯ ಬಾಟಲಿಯ ಮೊದಲ ನೊಣವಾಗಿರಬಹುದು. ಅವ್ವನಿಗೆ ಅಣ್ಣತಮ್ಮಂದಿರಿರಲಿಲ್ಲ, ರೂಪನಗುಡಿಯ ತವರಿನಲ್ಲಿ ಬರೀ ಹೆಣ್ಣುಮಕ್ಕಳು, ಹಾಗಾಗಿ ಹಿಂದೆ ಇತ್ತೋ ಇಲ್ಲವೋ ಹೇಳುವವರಿಲ್ಲ. ಸಾಕ್ಷಿ ಬೇಕು. ಅಷ್ಟರಲ್ಲಿ ಬೆಂಗಳೂರಿನ ತಂಡ ಬಂತು, ಅವಳು ತೋಳು ಚಾಚಿದಳು. ತಿಪ್ಪೇಶ ಮೊದಲ ನೊಣವಲ್ಲ, ಆದರೆ ಗ್ರಹಣಕ್ಕೆ ಮೊದಲೇ ಹುಟ್ಟಿದ ತನ್ನಲ್ಲೂ ಅದೇ ತಪ್ಪಿದೆ ಎಂಬ ಸಾಕ್ಷಿಯನ್ನು ಹೊತ್ತುಕೊಂಡು ಈಗ ಊರಿಗೆ ಹೊರಟಿದ್ದಳು.

ಅವತ್ತೇ ಸಂಜೆ ಚಂದ್ರಗ್ರಹಣವಿತ್ತು. ಹಿಡಿಯುವುದರೊಳಗೆ ಮನೆ ಸೇರಬೇಕೆಂದು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಜನ ಬಸ್ಸಿಗೆ ಮುಗಿಬೀಳುತ್ತಿದ್ದರು. ಸಿರುಗುಪ್ಪದ ದಾರಿಯುದ್ದಕ್ಕೂ ಹೊಲಗಳಲ್ಲಿ ಬಿಡಿಸಿದ ಮೆಣಸಿನಕಾಯಿ ಕೆಂಪಗೆ ಒಣಗುತ್ತಿತ್ತು. ಕಿಟಕಿಯಿಂದ ಬರುವ ಗಾಳಿಗೆ ಬಸ್ಸಿನವರೆಲ್ಲ ಸೀನುತ್ತಿದ್ದರು. ಮೇಘಾ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಅವ್ವಾ, ನಿನ್ನ ತಪ್ಪಿಲ್ಲ. ಅದು ನಿನಗೂ ನಿಮ್ಮವ್ವ ಕೊಟ್ಟದ್ದು, ಅವಳಿಗೆ ಅವಳವ್ವ. ಕೈ ಮಾಡಿದ್ದಲ್ಲ, ಮೈಯಲ್ಲಿ ಬಂದದ್ದು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಮಾತು ಚೆನ್ನಾಗಿಯೇ ಹೊಂದಿತ್ತು. ತನ್ನ ವಿಷಯ ಎಲ್ಲಿ ಹೇಳಬೇಕು ಎಂಬುದು ಮಾತ್ರ ಹೊಂದಿರಲಿಲ್ಲ.

ಕರೂರಿನ ಓಣಿ ಬಾಗಿಲು ಹಾಕಿಕೊಂಡಿತ್ತು. ತಿಪ್ಪೇಶ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹೊಸ್ತಿಲ ಒಳಗೆ ಕೂತು ಮೂಡಣ ದಿಕ್ಕು ನೋಡುತ್ತಿದ್ದ. “ಅಕ್ಕಾ, ಇವತ್ತ ಚಂದ್ರ ಹುಟ್ಟೋದ ಹರಕೊಂಡು ಹುಟ್ಟತಾನಂತ,” ಎಂದು ನಕ್ಕ. ಹದಿನೈದು ತುಂಬಿದ ಹುಡುಗ, ಮೀಸೆ ಮೂಡುತ್ತಿತ್ತು. ಅಪ್ಪ ಉಚ್ಚೆಂಗೆಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ, ಇನ್ನೂ ಬಂದಿರಲಿಲ್ಲ.

ಸುಂಕಮ್ಮ ಒಳಗೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು. ಬಸುರಿಯಲ್ಲ ಬಾಣಂತಿಯಲ್ಲ, ಆದರೂ ಪ್ರತಿ ಗ್ರಹಣಕ್ಕೂ ಅವಳು ಹೀಗೇ ಕೂರುತ್ತಿದ್ದಳು.

“ಬರಾಕ ಇದ ಹೊತ್ತು ಸಿಗ್ತೇನ ನಿನಗ?” ಎಂದಳು. “ನೀರು ಮುಟ್ಟಬ್ಯಾಡ. ಬಿಡೂತನ ಸುಮ್ನ ಕುಂದ್ರು ಬಾ.”

ಮೇಘಾ ಪಕ್ಕದಲ್ಲಿ ಕೂತಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಹೇಳಲಿಲ್ಲ. ಗ್ರಹಣದ ದಿನ ಆ ಮನೆಯಲ್ಲಿ ಹಸಿವೆಯೆಂಬ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಅವ್ವನ ಸೀರೆಯಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು.

“ಅವ್ವಾ, ತಿಪ್ಪೇಶಂದು ಗ್ರಹಣದಿಂದ ಬಂದದ್ದಲ್ಲ.”

“ಯಾರಂದ್ರು?”

“ನೊಣ ಹೇಳ್ಯಾವು.”

ಹೊಸ್ತಿಲಲ್ಲಿದ್ದ ತಿಪ್ಪೇಶ ಗೊಳ್ಳೆಂದು ನಕ್ಕ. ಸುಂಕಮ್ಮನಿಗೂ ನಗು ಬಂತು. “ಬಳ್ಳಾರಿಗೆ ಕಳಿಸಿ ಓದಿಸಿದ್ದು ಇದಕ್ಕ ಏನ?” ಎಂದಳು.

ಮೇಘಾ ಕೌದಿಯ ಅಂಚಿನಿಂದ ದಾರ ಹಿರಿದಳು, ಕೆಂಪೆರಡು, ಬಿಳಿಯದೊಂದು. ಹೆಣ್ಣಿಗೆ ಎರಡು ದಾರ, ಗಂಡಿಗೆ ಒಂದು ಎಂದಳು. ಹೆಣ್ಣಿನ ಒಂದು ದಾರ ಕೆಟ್ಟಿದ್ದರೂ ಇನ್ನೊಂದು ಕಾಯುತ್ತದೆ, ಹೊರಗೆ ಕಾಣಿಸುವುದಿಲ್ಲ. ಗಂಡಿಗೆ ಇರುವುದೇ ಒಂದು, ಅದು ಅವ್ವ ಕೊಟ್ಟದ್ದು. ಅದು ಕೆಟ್ಟಿದ್ದರೆ ಕಾಯುವ ಇನ್ನೊಂದಿಲ್ಲ. ನೊಣದ ಕಣ್ಣೂ ಹಾಗೇ, ತಿಪ್ಪೇಶನ ರಕ್ತವೂ ಹಾಗೇ. ಈಳಿಗೆ ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹೇಳುತ್ತ ಹೇಳುತ್ತ ಅವಳಿಗೇ ಉತ್ಸಾಹ ಬಂತು. ಮೇಡಂ ಇಲ್ಲಿದ್ದರೆ ಮೆಚ್ಚುತ್ತಿದ್ದರು ಅನ್ನಿಸಿತು.

ಸುಂಕಮ್ಮ ಕಂಕುಳಿಂದ ಒಂದು ಕೈ ತೆಗೆದು ಬಿಳಿ ದಾರವನ್ನು ಎತ್ತಿಕೊಂಡಳು. ಅವಳು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಆದರೆ ಮಕ್ಕಳ ವಿಷಯದಲ್ಲಿ ತಾಯಿಗೆ ಯಾರೂ ಎರಡು ಸಲ ಹೇಳಬೇಕಾಗುವುದಿಲ್ಲ.

“ಹಂಗಾರ ತಿಪ್ಪೇಶಗ ಇದನ್ನ ನಾ ಕೊಟ್ಟೆ.”

“ನೀ ಕೊಟ್ಟಿದ್ದಲ್ಲವ್ವಾ, ಅದು ತಾನ…”

“ನಿನಗೂ ಒಂದು ನಾನ ಕೊಟ್ಟಿರಬೇಕಲ್ಲ?” ದಾರವನ್ನು ಹಿಡಿದ ಕೈ ಅಲ್ಲೇ ನಿಂತಿತ್ತು. “ನಿನಗ ಯಾವುದು ಕೊಟ್ಟೆ ನಾ?”

ಮೇಘಾ ಕೆಂಪು ದಾರಗಳನ್ನು ಬೆರಳಿಗೆ ಸುತ್ತತೊಡಗಿದಳು. ಸುಂಕಮ್ಮನ ಮುಖ ಕಣ್ಣೆದುರೇ ಕಂದುತ್ತ ಹೋಯಿತು. ಅವಳ ದನಿ ತಗ್ಗಿತು, ಮಗನಿಗೆ ಕೇಳಬಾರದೆಂದು.

“ಗ್ರಹಣದ್ದಾಗಿದ್ರ ಚಲೋ ಇತ್ತಲ್ಲವ್ವ. ಒಂದು ಹೊತ್ತಿನಾಗ ಈ ಕೈ ಮಾಡಿದ್ದು, ನನ್ನ ತಲಿ ಮ್ಯಾಲ ಹೊತಗೊಂಡು ಹೋಗ್ತಿದ್ದೆ. ನೀ ಅದಕ್ಕ ಮೊದಲ ಹುಟ್ಟಿದ್ದಿ. ನಿನ್ನ ನೋಡಿ ಉಸಿರು ಬಿಡ್ತಿದ್ದೆ. ಇದು ಮೈಯಾಗ ಐತಿ ಅಂದ್ರ… ನೀ ಹುಟ್ಟಿದಾಗನ ಇತ್ತು ಅಂದ್ರ…”

ಅಷ್ಟು ವರ್ಷ ಅವ್ವನ ಎದೆಯ ಮೇಲಿನ ಕಲ್ಲು ಎಂದು ಮೇಘಾ ತಿಳಿದದ್ದರ ಕೆಳಗೆ ಅವ್ವ ಮಗಳನ್ನು ಬಚ್ಚಿಟ್ಟುಕೊಂಡು ಕೂತಿದ್ದಳು. ಆ ಕಲ್ಲನ್ನು ಎತ್ತುತ್ತೇನೆಂದು ಇವಳು ಬಳ್ಳಾರಿಯಿಂದ ಓಡಿಬಂದಿದ್ದಳು. ಮೇಘಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅದರ ಹಿಂದೆಯೇ ಭಯ ಬಂತು.

“ಪೂರ್ತಿ ಕೇಳೇ ಇಲ್ಲ ನೀನು,” ಎಂದಳು. ದನಿ ತನ್ನದೇ ಅನ್ನಿಸಲಿಲ್ಲ. “ಮೊದಲನೇ ನೊಣದ ಕಥಿ ಹೇಳಿಲ್ಲ ನಾ. ಬಾಟ್ಲಿ ತುಂಬ ಕೆಂಪುಗಣ್ಣಿನವ ಇದ್ವು. ಅವ್ವನೂ ಕೆಂಪು, ಅಪ್ಪನೂ ಕೆಂಪು, ಯಾರೊಳಗೂ ಬಿಳಿ ದಾರ ಇರಲಿಲ್ಲ. ಒಂದಿನ ತಾನ ಒಂದು ಬಿಳಿ ಹುಟ್ಟಿತ್ತು. ಯಾರೂ ಕೊಟ್ಟಿದ್ದಲ್ಲ. ತಿಪ್ಪೇಶನೂ ಹಂಗ. ನೀ ಕೊಟ್ಟಿದ್ದು ಕೆಂಪನ ದಾರ. ಹೊಟ್ಟ್ಯಾಗ ಕಟ್ಟೋವಾಗ ಅದು ತಪ್ಪಿತ್ತು.”

“ಹೆಂಗ ಗೊತ್ತಾತು?”

ಶಾಂಭವಿ ಮೇಡಂ ಅವರ ಪ್ರಶ್ನೆ ಅದು. ಅವ್ವನ ಬಾಯಿಂದ ಬರುತ್ತದೆಂದು ಅವಳು ಎಣಿಸಿರಲಿಲ್ಲ.

“ನನ್ನ ರಕ್ತ ತಗೊಂಡು ನೋಡ್ಯಾರ. ಇವತ್ತ ಹೇಳಿದ್ರು. ನನ್ನಾಗ ಇಲ್ಲ.”

“ಖರೇನ?”

“ಖರೇ.”

“ನನ್ನ ತಲಿ ಮುಟ್ಟು.”

ಗ್ರಹಣವನ್ನು ನಂಬದವಳಿಗೆ ಆಣೆಯ ಭಯ ಬಿಟ್ಟಿರಲಿಲ್ಲ. ಆದರೂ ಮೇಘಾ ಅವ್ವನ ನೆತ್ತಿಯ ಮೇಲೆ ಕೈಯಿಟ್ಟಳು. ಎಣ್ಣೆ ಕಾಣದ ಕೂದಲು ಬಿಸಿಲಿಗೆ ಒರಟಾಗಿತ್ತು. “ಇಲ್ಲವ್ವಾ. ನನ್ನಾಗ ಇಲ್ಲ,” ಎಂದಳು.

ಸುಂಕಮ್ಮ ಕಣ್ಣು ಮುಚ್ಚಿದಳು. “ನನ್ನಾಗಿದ್ರ ನಿನಗ ಬರಬೇಕಿತ್ತು. ನಿನ್ನಾಗಿಲ್ಲ ಅಂದ್ರ ನನ್ನಾಗೂ ಇಲ್ಲ,” ಎಂದು ತನಗೆ ತಾನೇ ಲೆಕ್ಕ ಹೇಳಿಕೊಂಡಳು. ಆ ಲೆಕ್ಕ ಸರಿಯಿರಲಿಲ್ಲ, ಅವ್ವನ ಎರಡು ದಾರಗಳಲ್ಲಿ ಮಗಳಿಗೆ ಒಳ್ಳೆಯದೇ ಬಂದಿರಲೂ ಸಾಧ್ಯ. ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ಮೇಡಂ ಅಂಕ ಕತ್ತರಿಸುತ್ತಿದ್ದರು. ಮೇಘಾ ತಿದ್ದಲಿಲ್ಲ. ಬಿಳಿ ದಾರ ಅವ್ವನ ಬೆರಳಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿ ಅಂಗೈಯಲ್ಲಿ ಮುದುರಿಕೊಂಡಳು. ಇನ್ನು ಮೇಲೆ ಈ ಮಾತನ್ನು ಆಡಲು ಈ ಮನೆಯಲ್ಲಿ ತನಗೆ ಯಾರೂ ಇಲ್ಲ ಎಂದು ಆಗ ಅವಳಿಗೆ ಅರ್ಥವಾಯಿತು.

“ಬಿಡ್ತು, ಬಿಡ್ತು!” ಎಂದು ತಿಪ್ಪೇಶ ಕೂಗಿದ. ಓಣಿಯಲ್ಲಿ ಬಾಗಿಲುಗಳು ತೆರೆದವು, ಮನೆಮನೆಯಲ್ಲಿ ಕೊಡದಿಂದ ನೀರು ಸುರಿಯುವ ಸದ್ದು ಎದ್ದಿತು. ಸುಂಕಮ್ಮ ಎದ್ದಳು. ಗ್ರಹಣದ ಮೇಲಿನ ನಂಬಿಕೆಯನ್ನೇನೂ ಅವಳು ಬಿಟ್ಟಿರಲಿಲ್ಲ. ಕ್ರಮಪ್ರಕಾರ ತಲೆಗೆ ನೀರು ಹಾಕಿಕೊಂಡಳು, ಮನೆಗೆ ನೀರು ಚಿಮುಕಿಸಿದಳು, ದೀಪ ಹಚ್ಚಿದಳು. ಆಮೇಲೆ ಒದ್ದೆ ಕೂದಲಿನಲ್ಲೇ ಅಡುಗೆಮನೆಗೆ ಹೋಗಿ ಮೊಳೆಯಲ್ಲಿದ್ದ ಈಳಿಗೆಯನ್ನು ಇಳಿಸಿದಳು.

ಮೇಘಾ, ತಿಪ್ಪೇಶ ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಸುಂಕಮ್ಮ ಹುಣಸೆಹಣ್ಣು ಬೂದಿ ಹಾಕಿ ಅಲಗನ್ನು ತಿಕ್ಕಿ ತಿಕ್ಕಿ ತೊಳೆದಳು. ತುಕ್ಕಿನ ನೀರು ಕೆಂಪಗೆ ಹರಿದು ಹೋಯಿತು. ಮಣೆಯ ಮೇಲೆ ಕಾಲೂರಿ ಕೂತು, ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದಳು.

“ಹಸದೀಯಲ್ಲ? ಬಂದಾಗಿಂದ ನೋಡಾಕತ್ತೀನಿ, ಬಾಯಿ ಬಿಡವಲ್ಲಿ,” ಎಂದಳು ಮಗಳಿಗೆ. ತೊಟ್ಟು ಕತ್ತರಿಸಿ, ಕಹಿ ಹೋಗಲೆಂದು ತಿಕ್ಕಿದಳು. ಎರಡು ಹೋಳು ಬಿದ್ದವು. ಮೂರನೆಯದಕ್ಕೆ ಅಲಗು ಜಾರಿ ಅವಳ ಬೆರಳಿಗೆ ತಗಲಿತು.

“ಕೈ ಮರತೈತಿ ನೋಡು,” ಎಂದು ಸುಂಕಮ್ಮ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಮಕ್ಕಳು ನೋಡಿ ಬಹಳ ಕಾಲವಾಗಿತ್ತು.

“ಒತ್ತಿ ಹಿಡಿಬೇಕು. ಕೈ ಮ್ಯಾಲ ಎತ್ತವ್ವಾ,” ಎಂದ ತಿಪ್ಪೇಶ, ಆ ವಿದ್ಯೆಯಲ್ಲಿ ಪಳಗಿದವನ ಗತ್ತಿನಲ್ಲಿ.

ಮೇಘಾ ಮುಂದೆ ಬಂದು ಅವ್ವನ ಬೆರಳನ್ನು ಹಿಡಿದಳು. ಗಾಯ ಸಣ್ಣದು. ರಕ್ತ ಒಂದು ಹನಿ ಮೂಡಿ, ಒರೆಸಿದರೆ ಮತ್ತೊಂದು ಮೂಡಿತು. ಅವಳು ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ಒತ್ತಿದಳು.

“ಇಷ್ಟಕ್ಕ ಏನಾಗತೈತಿ, ಬಿಡು,” ಎಂದಳು ಸುಂಕಮ್ಮ. “ನನ್ನ ರಕ್ತಕ್ಕ ಏನೂ ಇಲ್ಲಂತ ನೀನ ಹೇಳಿದಿ. ತಾನ ನಿಲ್ಲತೈತಿ.”

“ಹೂಂ,” ಎಂದಳು ಮೇಘಾ.

ಸುಂಕಮ್ಮ ಇನ್ನೊಂದು ಕೈಯಿಂದ ಸೌತೆಕಾಯಿಯ ಹೋಳೊಂದನ್ನು ಎತ್ತಿ ಮಗಳ ಬಾಯಿಗಿಟ್ಟಳು. ಮೇಘಾ ಅದನ್ನು ನಿಧಾನವಾಗಿ ಅಗಿದು ನುಂಗಿದಳು. ಹಿಡಿದ ಬೆರಳನ್ನು ಮಾತ್ರ ಬಿಡಲಿಲ್ಲ.